ಎಷ್ಟು ಓಡುತ್ತೇ, ಮಾರಾಯ್ತಿ?

"ಒಂದ್ಸಲ ಚಾರ್ಜ್ ಮಾಡಿದ್ರೆ ಎಷ್ಟು ಓಡುತ್ತೇ, ಮಾರಾಯ್ತಿ?"

ದಾಸವಾಳದ ಬೇಲಿಯಾಚೆ ನಿಂತು ಪಕ್ಕದ ಮನೆ ಅಕ್ಕ ಕೇಳಿದ ಮೊದಲ ಪ್ರಶ್ನೆ ಇದು. ಕಾರು ಬಂದು ಅರ್ಧ ಗಂಟೆಯೂ ಆಗಿರಲಿಲ್ಲ. ಬಾನೆಟ್ಟಿಗೆ ಹಚ್ಚಿದ ಕುಂಕುಮ ಹಸಿಯಾಗಿತ್ತು, ಚಕ್ರದಡಿ ಒಡೆದ ನಿಂಬೆಹಣ್ಣಿನ ಘಮ ಅಂಗಳದಲ್ಲೇ ಇತ್ತು. ಅಲ್ಲಿಂದ ಈ ಎರಡು ತಿಂಗಳಲ್ಲಿ ಹಾಲು ಹಾಕುವ ಹುಡುಗ, ಗ್ಯಾಸ್ ಸಿಲಿಂಡರ್ ತರುವವರು, ದೇವಸ್ಥಾನದ ಭಟ್ಟರು, ಹಸಿರು ನಂಬರ್ ಪ್ಲೇಟು ಕಂಡವರೆಲ್ಲ ಇದನ್ನೇ ಕೇಳಿದ್ದಾರೆ. ಹಿಂದೆ ಹೊಸ ಕಾರು ತಂದರೆ "ಎಷ್ಟು ಬಿತ್ತು?" ಅನ್ನುತ್ತಿದ್ದ ನಮ್ಮ ಶಿವಮೊಗ್ಗ ಈಗ "ಎಷ್ಟು ಓಡುತ್ತೆ?" ಅನ್ನುತ್ತದೆ.

ಅಕ್ಕನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಕಂಪನಿಯ ಕಾಗದದಲ್ಲಿ 400ಕ್ಕೂ ಮೇಲೆ ಬರೆದಿದೆ. ನನ್ನ ಕೈಯಲ್ಲಿ ಓಡುವುದು 280 ಕಿಲೋಮೀಟರ್. ಕಾಗದದ ಲೆಕ್ಕ ಪ್ರಯೋಗಾಲಯದ ಉರುಳೆಗಳ ಮೇಲೆ ಚಕ್ರ ತಿರುಗಿಸಿ ಅಳೆದದ್ದು. ಅಲ್ಲಿ ಹಂಪು, ಗುಂಡಿ, ಎದುರುಗಾಳಿ ಯಾವುದೂ ಇರುವುದಿಲ್ಲ. ಹಾಗಾಗಿ ಹೇಳಿದ ಸಂಖ್ಯೆಯ ಮೂರರಲ್ಲಿ ಎರಡು ಪಾಲು ನಂಬಿ ಹೊರಟರೆ ದಾರಿಯಲ್ಲಿ ಎದೆ ಡವಗುಟ್ಟುವುದಿಲ್ಲ.

ಈ ಕಾರು ಕೊಂಡಿದ್ದು ನನ್ನ ನಿವೃತ್ತಿಯ ದುಡ್ಡಿನಲ್ಲಿ. ಮೂವತ್ತನಾಲ್ಕು ವರ್ಷ ಅಂಚೆ ಇಲಾಖೆಯಲ್ಲಿ ದುಡಿದೆ. ಆರ್‌.ಸಿ.ಯಲ್ಲಿ ನನ್ನ ಹೆಸರಿದೆ, ಓಡಿಸುವವಳೂ ನಾನೇ. ಇದನ್ನು ಯಾಕೆ ಹೇಳಿದೆ ಎಂಬುದು ಮುಂದೆ ತಿಳಿಯುತ್ತದೆ.

ಮೊದಲ ವಾರ ನನ್ನನ್ನು ಗಾಬರಿಗೆ ಕೆಡವಿದ್ದು ನಮ್ಮ ಬೀದಿಯ ಕರಿ ನಾಯಿ. ಹಳೆಯ ಕಾರಿನ ಸದ್ದು ತಿರುವಿನಲ್ಲಿ ಕೇಳಿದರೆ ಸಾಕು, ಗೇಟಿನ ಮುಂದೆ ಮಲಗಿದ್ದದ್ದು ಎದ್ದು ಮೈ ಮುರಿದು ಪಕ್ಕಕ್ಕೆ ಸರಿಯುತ್ತಿತ್ತು. ಹೊಸ ಕಾರು ಮೂಗಿನ ಹತ್ತಿರ ಬಂದರೂ ಅದಕ್ಕೆ ಗೊತ್ತಾಗಲಿಲ್ಲ. ಈಗ ಗೇಟಿನ ಬಳಿ ನಿಲ್ಲಿಸಿ, ಇಳಿದು ನೋಡಿ, ಆಮೇಲೆ ಒಳಗೆ ತರುತ್ತೇನೆ. ಎಂಜಿನ್ನಿನ ಸದ್ದಿಲ್ಲ ಎಂದು ಖುಷಿಪಡುವವರು ಬೀದಿಯಲ್ಲಿ ಆಡುವ ಮಕ್ಕಳನ್ನೂ ಕಿವಿ ಮಂದವಾದ ಹಿರಿಯರನ್ನೂ ನೆನಪಿಟ್ಟುಕೊಳ್ಳಬೇಕು.

ಚಾರ್ಜಿನದು ಇನ್ನೊಂದು ಕಥೆ. ಪೋರ್ಟಿಕೋದಲ್ಲಿ ದಪ್ಪ ಪಿನ್ನಿನ ಸಾಕೆಟ್ಟು ಇತ್ತು. ಚುಚ್ಚಿದರೆ ಚಾರ್ಜರಿನಲ್ಲಿ ಕೆಂಪು ದೀಪ. ಎಲೆಕ್ಟ್ರಿಷಿಯನ್ ಬಂದು ನೋಡಿ, "ಮೇಡಂ, ನಿಮ್ಮನೇಲಿ ಅರ್ಥಿಂಗೇ ಇಲ್ಲ" ಅಂದರು. ಮೂವತ್ತು ವರ್ಷದ ಹಳೆಯ ಮನೆ. ಹಿತ್ತಲಲ್ಲಿ ಹೊಸದಾಗಿ ಗುಂಡಿ ತೋಡಿ, ಪೈಪು ಇಳಿಸಿ, ಇದ್ದಿಲು ಉಪ್ಪು ತುಂಬಿದರು. ಅದರೊಂದಿಗೆ ಇನ್ನೊಂದು ಉಪಕಾರವೂ ಆಯಿತು. ಎಷ್ಟೋ ವರ್ಷದಿಂದ ಒದ್ದೆ ಕೈಯಲ್ಲಿ ಫ್ರಿಜ್ಜಿನ ಹಿಡಿ ಮುಟ್ಟಿದರೆ ಜುಮ್ ಎನ್ನುತ್ತಿತ್ತು. ಅದು ನಿಂತೇಹೋಯಿತು. ಕಾರು ಬಾರದಿದ್ದರೆ ಆ ಅಪಾಯದೊಂದಿಗೇ ಬದುಕಿರುತ್ತಿದ್ದೆವು. ಅಕ್ಕನ ಮನೆಯದೂ ಅದೇ ಕಾಲದ ವೈರಿಂಗು. ಅವರೂ ಅದೇ ವಾರ ಗುಂಡಿ ತೋಡಿಸಿದರು.

ಮನೆಯ ಸಾಕೆಟ್ಟಿನಲ್ಲಿ ಗಂಟೆಗೆ ಸುಮಾರು 3 ಯೂನಿಟ್ ಏರುತ್ತದೆ. ನನ್ನ ಕಾರಿನ ಬ್ಯಾಟರಿ 40 ಯೂನಿಟ್ಟಿನದು, ತಳ ಕಂಡ ಮೇಲೆ ತುಂಬಲು ಹನ್ನೆರಡು ಹದಿಮೂರು ಗಂಟೆ ಬೇಕು. ರಾತ್ರಿ ಊಟ ಮುಗಿಸಿ ಚುಚ್ಚಿದರೆ ಬೆಳಗಿನ ಕಾಫಿಯ ಹೊತ್ತಿಗೆ ಸಾಕಷ್ಟು ಆಗಿರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆ ಎಂದು ಹೇಳಲಾಗದು. ಹಾಗಾಗಿ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡುವುದಿಲ್ಲ. ಮನೆಯಲ್ಲಿ ಅಕ್ಕಿ ಡಬ್ಬ ತಳ ಕಾಣುವವರೆಗೆ ಯಾರು ಕಾಯುತ್ತಾರೆ?

ತಿಂಗಳು ತುಂಬಿತು, ಬಿಲ್ಲು ಬಂತು. ಅಕ್ಕ ಬೇಲಿಯ ಹತ್ತಿರವೇ ಕಾದಿದ್ದರು. "ಗೃಹಜ್ಯೋತಿ ಹೋಯ್ತಾ?" ಹೋಯಿತು, ಸರ್ಕಾರದ ಆ ಉಚಿತ ಕರೆಂಟು. ಇದನ್ನು ಯಾವ ಶೋರೂಮಿನವರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತೇನೆ. ನಮ್ಮ ಮನೆಗೆ ತಿಂಗಳಿಗೆ 110 ಯೂನಿಟ್ ಸಾಕಾಗುತ್ತಿತ್ತು, ಬಿಲ್ಲು ಸೊನ್ನೆ. ಕಾರು ಸಾವಿರ ಕಿಲೋಮೀಟರ್ ಓಡಿ 150 ಯೂನಿಟ್ ಕುಡಿಯಿತು. ಒಟ್ಟು 260. ಗೃಹಜ್ಯೋತಿಯ ಗಡಿ 200 ಯೂನಿಟ್. ಅದನ್ನು ದಾಟಿದರೆ ಪೂರ್ತಿ ಬಿಲ್ಲು ನಾವೇ ಕಟ್ಟಬೇಕು. ನಿಗದಿತ ಶುಲ್ಕ, ತೆರಿಗೆ ಎಲ್ಲ ಸೇರಿ 2,000 ದಾಟಿತು. ಕಿಲೋಮೀಟರಿಗೆ ಒಂದೇ ರೂಪಾಯಿ ಎಂದು ಎಲ್ಲರೂ ಹೇಳುತ್ತಾರಲ್ಲ, ನನ್ನ ಮನೆಯ ಮಟ್ಟಿಗೆ ನಿಜವಾದ ಲೆಕ್ಕ ಎರಡು ರೂಪಾಯಿಗೂ ಸ್ವಲ್ಪ ಮೇಲೆ. ಹಾಗಿದ್ದರೂ ಹಳೆಯ ಪೆಟ್ರೋಲ್ ಕಾರಿಗೆ ಅಷ್ಟೇ ದೂರಕ್ಕೆ ಆರೂವರೆ ಸಾವಿರಕ್ಕೂ ಹೆಚ್ಚು ಸುರಿಯುತ್ತಿದ್ದೆ. ಉಳಿತಾಯ ಇದೆ, ಚೆನ್ನಾಗಿಯೇ ಇದೆ. ಆದರೆ ತಿಂಗಳಿಗೆ ಇನ್ನೂರು ಮುನ್ನೂರು ಕಿಲೋಮೀಟರ್ ಮಾತ್ರ ಓಡಿಸುವವರು ಕೊಳ್ಳುವ ಮೊದಲು ಕಾಗದ ಪೆನ್ನು ಹಿಡಿದು ಕೂರುವುದು ಒಳ್ಳೆಯದು.

ಬಿಲ್ಲಿನ ಮಾತು ಮುಗಿದ ಮೇಲೆ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಇದು ನಮ್ಮ ಶರಾವತಿ ಕರೆಂಟೇನೇ?" ಅಂದರು.

ಅಕ್ಕನ ತವರೂರು ಈಗ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಡಿ ಇದೆ. ಅಣೆಕಟ್ಟು ಮುಗಿದದ್ದು 1964ರಲ್ಲಿ, ಆಗ ಅವರು ಲಂಗ ತೊಟ್ಟ ಹುಡುಗಿ. ಅಡಿಕೆ ತೋಟ, ದೇವರ ಕಟ್ಟೆ ಎಲ್ಲ ಬಿಟ್ಟು ಗಾಡಿಯಲ್ಲಿ ಸಾಮಾನು ಹೇರಿಕೊಂಡು ಹೊರಟ ಮನೆ ಅವರದು. ಕೊಟ್ಟ ಜಾಗ ಕಾಡಿನ ಅಂಚು. ಅವರ ನೀರಿನಿಂದ ಹುಟ್ಟಿದ ವಿದ್ಯುತ್ತು ಬೆಂಗಳೂರಿನ ಕಾರ್ಖಾನೆಗಳಿಗೆ ಹರಿದ ಎಷ್ಟೋ ವರ್ಷಗಳವರೆಗೆ ಆ ಹೊಸ ಕೇರಿಯಲ್ಲಿ ಚಿಮಣಿ ಬುಡ್ಡಿಯೇ ಗತಿಯಾಗಿತ್ತು. ಶರಾವತಿಯ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್ ಎಂದು ಪುಸ್ತಕದಲ್ಲಿ ಓದಿದವಳು ನಾನು. ಅದಕ್ಕೆ ಕೊಟ್ಟ ಬೆಲೆಯನ್ನು ಬೇಲಿಯಾಚೆಯಿಂದ ಕೇಳಿ ತಿಳಿದೆ.

ಏನು ಹೇಳಲಿ? ತಂತಿಯಲ್ಲಿ ಬರುವ ಕರೆಂಟಿಗೆ ಊರಿನ ಗುರುತಿಲ್ಲ. ರಾಯಚೂರಿನ ಕಲ್ಲಿದ್ದಲಿನದು, ಪಾವಗಡದ ಬಿಸಿಲಿನದು, ಗಾಳಿಗಿರಣಿಯದು, ಶರಾವತಿಯದು ಎಲ್ಲ ಒಂದೇ ಹೊಳೆಯಾಗಿ ಬರುತ್ತದೆ. "ಒಂದು ಪಾಲು ನಿಮ್ಮೂರಿನದೂ ಇರ್ತದೆ ಅಕ್ಕ" ಅಂದೆ. ಅವರು ಕಾರಿನ ಬಾನೆಟ್ಟನ್ನು ಒಮ್ಮೆ ಸವರಿದರು. ಪರಿಸರಸ್ನೇಹಿ ಎಂಬ ಮಾತನ್ನು ಈ ಕಾರಿನ ಬಗ್ಗೆ ಸಲೀಸಾಗಿ ಆಡಲು ಅಂದಿನಿಂದ ನನಗೆ ಬಾಯಿ ಬರುವುದಿಲ್ಲ. ಹೊಗೆ ಇಲ್ಲ, ನಿಜ. ಯಾರದೋ ತೋಟ ಇದರ ಹಿಂದಿದೆ, ಅದೂ ನಿಜ.

ಅಕ್ಕನ ಯಜಮಾನರು ಮೇಷ್ಟ್ರಾಗಿದ್ದವರು, ಎಲೆಕ್ಟ್ರಿಕ್ ಕಾರು ಅವರಿಗೆ ಹೊಸತಲ್ಲ. 2001ರಲ್ಲೇ ಬೆಂಗಳೂರಿನ ಚೇತನ್ ಮೈನಿ ಅವರ ರೇವಾ ಬಂದಿತ್ತು, ಎರಡೇ ಬಾಗಿಲಿನ ಪುಟ್ಟ ಗಾಡಿ, ಸೀಸದ ಬ್ಯಾಟರಿ, ಓಡುತ್ತಿದ್ದುದು 80 ಕಿಲೋಮೀಟರ್. ಲಂಡನ್ನಿನ ಬೀದಿಗಳಲ್ಲೂ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು. ಜಯನಗರದಲ್ಲಿ ಅದನ್ನು ಕಂಡ ದಿನವನ್ನು ಮೇಷ್ಟ್ರು ಈಗಲೂ ಸಂಭ್ರಮದಿಂದ ಹೇಳುತ್ತಾರೆ.

ಇನ್ನು ಕಾರಿನ ಆ್ಯಪಿನ ವಿಷಯ.

ಶೋರೂಮಿನಲ್ಲಿ ಕಾರು ಕೊಡುವ ದಿನ ಒಬ್ಬ ಹುಡುಗ ಟ್ಯಾಬು ಹಿಡಿದು ಬಂದ. ಚೆಕ್ಕಿಗೆ ಸಹಿ ಹಾಕಿದವಳು ನಾನು ಎದುರಿಗೇ ಕೂತಿದ್ದೇನೆ. ಅವನು ನನ್ನ ಯಜಮಾನರ ಕಡೆ ತಿರುಗಿ, "ಸರ್, ನಿಮ್ಮ ನಂಬರ್ ಹೇಳಿ, ಆ್ಯಪ್ ಆ್ಯಕ್ಟಿವೇಟ್ ಮಾಡ್ಬೇಕು" ಅಂದ. ಇವರು ಹೇಳಿದರು. ಓಟಿಪಿ ಬಂತು, ಮುಗಿಯಿತು. ಅದರ ಅರ್ಥ ನನಗೆ ತಿಳಿದದ್ದು ಮನೆಗೆ ಬಂದ ಮೇಲೆ. ಚಾರ್ಜು ಎಷ್ಟಿದೆ ಎಂದು ನೋಡಬೇಕಾದರೆ ಇವರ ಫೋನು. ಸೆಕೆಗೆ ಮೊದಲೇ ಏಸಿ ಹಾಕಿಡಬೇಕಾದರೆ ಇವರ ಫೋನು. ನಾನು ಗಾಂಧಿ ಬಜಾರಿನಲ್ಲಿ ಕಾರು ನಿಲ್ಲಿಸಿ ಲಾಕ್ ಹಾಕಿದೆನೋ ಇಲ್ಲವೋ ಎಂದು ಅನುಮಾನ ಬಂದರೆ ಮನೆಗೆ ಫೋನ್ ಮಾಡಿ ಕೇಳಬೇಕು. ನಾನು ಎಲ್ಲಿಗೆ ಹೋದೆ, ಎಷ್ಟು ವೇಗದಲ್ಲಿ ಹೋದೆ, ಎಲ್ಲಿ ಎಷ್ಟು ಹೊತ್ತು ನಿಂತೆ, ಎಲ್ಲವೂ ಅವರ ಜೇಬಿಗೆ ಬರುತ್ತಿತ್ತು. ನನ್ನ ಯಜಮಾನರು ನೋಡುವವರಲ್ಲ, ಅದು ಬೇರೆ ಮಾತು. ನೋಡುವ ಗಂಡಂದಿರ ಮನೆಗಳೂ ಈ ಊರಿನಲ್ಲಿವೆ, ಅಂಚೆ ಕಚೇರಿಯ ಕಿಟಕಿಯಲ್ಲಿ ಕೂತು ಅವರ ಹೆಂಡಂದಿರ ಉಳಿತಾಯ ಪುಸ್ತಕಗಳನ್ನು ನಾನು ಕಂಡಿದ್ದೇನೆ.

ನಂಬರ್ ಬದಲಿಸಿ ಎಂದು ಕೇಳಿದ್ದಕ್ಕೆ ಆರ್‌.ಸಿ. ನಕಲು, ಆಧಾರ್ ನಕಲು, ಯಜಮಾನರ ಒಪ್ಪಿಗೆ ಪತ್ರ ಎಲ್ಲ ಕಳಿಸಬೇಕಾಯಿತು. ಒಂಬತ್ತು ದಿನ ಹಿಡಿಯಿತು. ನನ್ನ ಹೆಸರಿನ ಕಾರಿಗೆ ನಾನು ಯಜಮಾನಿ ಎಂದು ಒಪ್ಪಿಸಲು ಗಂಡನ ಪತ್ರ ಕೇಳಿದ್ದು ಸರಿಯಲ್ಲ. ಆ ಬೇಸರ ಇನ್ನೂ ಹೋಗಿಲ್ಲ.

ಆ್ಯಪಿನ ಉಪಯೋಗ ಇಲ್ಲವೆಂದಲ್ಲ. ಏಪ್ರಿಲ್ ಬಿಸಿಲಲ್ಲಿ ನಿಂತ ಕಾರು ಹತ್ತುವ ಮೊದಲೇ ತಣ್ಣಗಾಗಿರುವುದು ದೊಡ್ಡ ಸುಖ. ನಡುರಾತ್ರಿ ಕರೆಂಟು ಹೋಗಿ ಚಾರ್ಜು ನಿಂತರೆ ಸಂದೇಶ ಬರುತ್ತದೆ. ಟೈರಿನ ಗಾಳಿ ಇಳಿದರೆ ಗೊತ್ತಾಗುತ್ತದೆ. ಆದರೆ ಇದು ನಡೆಯುವ ರೀತಿ ತಿಳಿದಿರಬೇಕು. ಕಾರಿನೊಳಗೇ ಒಂದು ಸಿಮ್ ಇದೆ. ನಾನು ಹತ್ತಡಿ ದೂರದಲ್ಲಿ ನಿಂತು ಏಸಿ ಒತ್ತಿದರೂ ಆ ಅಪ್ಪಣೆ ಎಲ್ಲೋ ಇರುವ ಕಂಪನಿಯ ಸರ್ವರಿಗೆ ಹೋಗಿ, ಅಲ್ಲಿಂದ ಕಾರಿನ ಸಿಮ್ಮಿಗೆ ಬರಬೇಕು. ಮೇಷ್ಟ್ರು ಕೇಳಿ, "ಬೇಲಿ ಮೇಲಿಂದ ಒಂದು ಲೋಟ ಸಕ್ಕರೆ ಕೇಳೋದಕ್ಕೆ ಬೆಂಗಳೂರಿಗೆ ಕಾಗದ ಬರೆದ ಹಾಗಾಯ್ತಲ್ಲಮ್ಮ" ಅಂದರು. ಸರಿಯಾಗಿಯೇ ಹೇಳಿದರು.

ಆ ಕಾಗದ ನಡುದಾರಿಯಲ್ಲಿ ನಿಂತರೆ ಏನಾಗುತ್ತದೆ ಎಂಬುದು ಕಳೆದ ತಿಂಗಳು ತಿಳಿಯಿತು. ಉಡುಪಿಯ ತಂಗಿ ಮನೆಗೆ ಹೊರಟೆವು. ಮನೆಯಲ್ಲಿ ನೂರಕ್ಕೆ ನೂರು ಚಾರ್ಜು, ಆಗುಂಬೆಯ ನೆತ್ತಿಯಲ್ಲಿ 67. ಅಲ್ಲಿಂದ ಹದಿನಾಲ್ಕು ತಿರುವು. ಇಳಿಜಾರಿನಲ್ಲಿ ಕಾಲು ತೆಗೆದರೆ ಮೋಟಾರು ತಾನೇ ಡೈನಮೋ ಆಗಿ ಕಾರನ್ನು ಹಿಡಿದೆಳೆಯುತ್ತದೆ, ಆ ಶಕ್ತಿ ಬ್ಯಾಟರಿಗೆ ಸೇರುತ್ತದೆ. ಬ್ರೇಕು ಕಾದ ವಾಸನೆ ಇಲ್ಲದೆ ಘಾಟಿ ಇಳಿದದ್ದು ಅದೇ ಮೊದಲು. ಸೋಮೇಶ್ವರ ತಲುಪಿದಾಗ 70. ಇಳಿದು ಬಂದು ಮೂರು ಗಳಿಸಿದ್ದೆವು! (ಮರಳಿ ಹತ್ತುವಾಗ ಅದೇ ದಾರಿ ಹತ್ತನ್ನು ತಿಂದಿತು. ಇನ್ನೊಂದು ಮಾತು, ಘಾಟಿಯ ನೆತ್ತಿಯಲ್ಲೇ ಪೂರ್ತಿ ಚಾರ್ಜು ಮಾಡಿ ಇಳಿಯಬೇಡಿ. ತುಂಬಿದ ಬ್ಯಾಟರಿ ಇನ್ನೇನನ್ನೂ ತೆಗೆದುಕೊಳ್ಳದು, ಆಗ ಆ ಹಿಡಿತ ಸಿಗುವುದಿಲ್ಲ.)

ನಾವು ಹೀಗೆ ನೆಮ್ಮದಿಯಿಂದ ಇಳಿಯುತ್ತಿದ್ದರೆ, ಬೆಂಗಳೂರಿನಲ್ಲಿ ಮಗ ಕುದಿಯುತ್ತಿದ್ದ. ಅವನ ಫೋನಿನಲ್ಲೂ ಆ್ಯಪ್ ಹಾಕಿಕೊಟ್ಟಿದ್ದೆ. ಜೋರು ಮಳೆ, ಘಾಟಿಯಲ್ಲಿ ಸಿಗ್ನಲ್ ಇಲ್ಲ. ಅವನ ಪರದೆಯಲ್ಲಿ ಕಾರು ಆಗುಂಬೆಯ ತಿರುವಿನಲ್ಲಿ ನಿಂತೇ ಇತ್ತು. ನಮ್ಮ ಫೋನುಗಳೂ ಸಿಗುತ್ತಿಲ್ಲ. ಕೊನೆಗೆ ಪಕ್ಕದ ಮನೆಗೇ ಕರೆ ಮಾಡಿದ. "ದೊಡ್ಡಮ್ಮ, ಕಾರು ಘಾಟಿಯಲ್ಲಿ ಒಂದು ಗಂಟೆಯಿಂದ ಅಲ್ಲಾಡ್ತಿಲ್ಲ." ಮೇಷ್ಟ್ರು ಆಗುಂಬೆಯಲ್ಲಿರುವ ತಮ್ಮ ಹಳೆಯ ಶಿಷ್ಯರ ಮನೆಗೆ ಫೋನ್ ಮಾಡಿದರು. ಅವರು ಮಳೆಯಲ್ಲೇ ಸ್ಕೂಟರ್ ಏರಿ ಘಾಟಿಯ ಮೊದಲ ತಿರುವಿನವರೆಗೆ ಹೋಗಿ ನೋಡಿ ಬಂದರು. ಅಷ್ಟರಲ್ಲಿ ನಾವು ಹೆಬ್ರಿಯಲ್ಲಿ ಬನ್ಸ್ ತಿನ್ನುತ್ತಿದ್ದೆವು. ಸಿಗ್ನಲ್ ಸಿಕ್ಕ ಕೂಡಲೇ ಫೋನು ಒಂದೇ ಸಮನೆ ಹೊಡೆದುಕೊಂಡಿತು. ಮೊದಲು ಕೇಳಿದ್ದು ಅಕ್ಕನ ಅಳು ತುಂಬಿದ ದನಿ: "ಎಲ್ಲಿದೀಯೇ?"

ನಿಂತಿದ್ದು ಕಾರಲ್ಲ, ಸುದ್ದಿ. ಪರದೆಯ ಮೂಲೆಯಲ್ಲಿ ಕೊನೆಯ ಮಾಹಿತಿ ಯಾವಾಗಿನದು ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಅದನ್ನು ದೊಡ್ಡದಾಗಿ, ಎಲ್ಲಕ್ಕಿಂತ ಮೇಲೆ ಬರೆಯಬೇಕು. ಮಲೆನಾಡಿನಲ್ಲಿ ಮಕ್ಕಳನ್ನು ದೂರದ ಊರಿಗೆ ಕಳಿಸಿ ಇಬ್ಬರೇ ಉಳಿದಿರುವ ನಮ್ಮಂಥ ಮನೆಗಳು ಸಾವಿರಾರಿವೆ. ಆ ಒಂದು ಸಾಲು ಎಷ್ಟೋ ಜನರ ಗಾಬರಿ ತಪ್ಪಿಸುತ್ತದೆ.

ಮನೆಗೆ ಮರಳಿದ ಮೇಲೆ ಕೂತು ಮಾತಾಡಿ ಒಂದು ಪದ್ಧತಿ ಮಾಡಿಕೊಂಡೆವು. ದೂರ ಹೋಗುವ ದಿನ ಮಾತ್ರ ಮಗನಿಗೆ ದಾರಿ ಕಾಣಿಸುತ್ತೇನೆ. ಘಾಟಿ ಇಳಿಯುವ ಮುನ್ನ ಮತ್ತು ಇಳಿದ ಮೇಲೆ ನಾನೇ ಫೋನ್ ಮಾಡುತ್ತೇನೆ. ಉಳಿದ ದಿನ ನಾನು ಮಾರುಕಟ್ಟೆಗೆ ಹೋದದ್ದು, ಭಜನೆಗೆ ಹೋದದ್ದು ನನ್ನ ಪಾಡಿಗೆ ಇರಲಿ. ಆ್ಯಪ್ ಕೈಕೊಟ್ಟರೂ ಬಾಗಿಲು ತೆರೆಯಲು ಕೀಲಿ ಚೀಲದಲ್ಲೇ ಇರುತ್ತದೆ, ಕೀಲಿಯ ಹೊಟ್ಟೆಯಲ್ಲಿ ಅಡಗಿರುವ ಕಬ್ಬಿಣದ ಸಣ್ಣ ಬೀಗದಕೈ ಎಲ್ಲಿದೆ ಎಂದು ಯಜಮಾನರಿಗೂ ತೋರಿಸಿದ್ದೇನೆ.

ಕಾರು ಒಳ್ಳೆಯದು. ಮತ್ತೆ ಪೆಟ್ರೋಲ್ ಗಾಡಿಗೆ ನಾನು ಹೋಗುವುದಿಲ್ಲ. ಅಕ್ಕನೂ ಈಗ ಮೇಷ್ಟ್ರ ಹಳೆಯ ಕಾರು ಕೊಟ್ಟು ಇಂಥದ್ದೇ ಒಂದು ತರುವ ಯೋಚನೆಯಲ್ಲಿದ್ದಾರೆ. ಬೇಲಿಯ ಮೇಲಿಂದ ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಶೋರೂಮಿನಲ್ಲಿ ಟ್ಯಾಬು ಹಿಡಿದು ಬಂದವರು ನಂಬರ್ ಕೇಳಿದಾಗ, ಆರ್‌.ಸಿ. ಯಾರ ಹೆಸರಿನಲ್ಲಿದೆಯೋ ಅವರ ನಂಬರನ್ನೇ ಹೇಳಿ.