‘ನನ್ನ ತೆಗೆಯಲ್ಲ ಬುದ್ಧಿ, ಪಕ್ಷಾಂತರ ಮಾಡಿಸ್ತರ!’

ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆಗೆ ಮುಖ ಮಾಡಿದ ಒಂದು ಮನೆಯ ಗೇಟು. ಅದರ ಕೆಳಸರಳಿನಲ್ಲಿ ವರ್ಷಗಳಿಂದ ಬಾಡಿಗೆ ಕೊಡದೆ ವಾಸವಿರುವ ತುಕ್ಕು, ರಾಸಾಯನಿಕ ಪರಿವರ್ತಕದ ಡಬ್ಬಿ ಬಂದ ದಿನವೇ ಮಾತಿಗೆ ಸಿಕ್ಕಿತು.

ಪ್ರಶ್ನೆ: ದಿನಚರಿ ಹೇಗಿದೆ?

ತುಕ್ಕು: ದಿನಕ್ಕಿಂತ ರಾತ್ರಿಪಾಳಿನೇ ಜಾಸ್ತಿ ಕನಿ. ಬಂಡೀಪುರದ ರಸ್ತೆಲಿ 2009ರಿಂದ ರಾತ್ರಿ ಗಾಡಿ ಓಡಾಟಕ್ಕೆ ನಿಷೇಧ ಅದ. ಲಾರಿ ನಿಂತವೆ, ನಾ ನಿಂತಿಲ್ಲ. ಒಸಿ ಇಬ್ಬನಿ, ಒಸಿ ಗಾಳಿ ಸಾಕು.

ಪ್ರಶ್ನೆ: ಇವತ್ತು ನಿಮ್ಮನ್ನು ತೆಗೆದೇಬಿಡುತ್ತಾರಂತೆ?

ತುಕ್ಕು: ಯಾರಂದದ್ದು? ಡಬ್ಬಿ ಮೇಲೆ ‘ಪರಿವರ್ತಕ’ ಅಂತದ, ಓದ್ಕಳಿ. ಟ್ಯಾನಿಕ್ ಆಮ್ಲ ಇದ್ರೆ ನಾನು ಟ್ಯಾನೇಟು, ಫಾಸ್ಫಾರಿಕ್ ಆಮ್ಲ ಇದ್ರೆ ಫಾಸ್ಫೇಟು. ಕೆಂಪು ಶಾಲು ಬುಟ್ಟು ಕರಿ ಶಾಲು ಹೊದ್ಕಂಡ್ರೆ ಆಯ್ತು. ಚಾಮರಾಜನಗರಕ್ಕೆ ಕಾಲಿಟ್ರೆ ಕುರ್ಚಿ ಹೋಯ್ತದೆ ಅಂತ ಮುಖ್ಯಮಂತ್ರಿಗಳು ಹೆದರ್ತಿದ್ರಲ್ಲ, ನಾ ಈ ಜಿಲ್ಲೆಲೇ ಹುಟ್ಟಿ ಕುರ್ಚಿ ಉಳಿಸ್ಕಂಡಿವ್ನಿ!

ಪ್ರಶ್ನೆ: ಈ ಕಪ್ಪು ಬಣ್ಣ ಮಾತ್ರ ಹೊಸದು?

ತುಕ್ಕು: ಹಳೇದು ಬುಡಿ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಆಯ್ದು ತರೋ ಅಳಲೆಕಾಯಲ್ಲೂ ಅದೇ ಟ್ಯಾನಿನ್ ಅದ. ಅಂಥ ಕಾಯಿ ಕಷಾಯಕ್ಕೆ ಕಬ್ಬಿಣ ಹಾಕಿ ಹಿಂದಿನೋರು ಮಸಿ ಮಾಡ್ತಿದ್ರು. ಆಗ ಲೆಕ್ಕದ ಪುಸ್ತಕದಲ್ಲಿ ಕುಂತಿದ್ದೋನು ಈಗ ಗೇಟಲ್ಲಿ ಕುಂತಿವ್ನಿ. ನಮ್ಮ ಜಿಲ್ಲೆ ಕರಿಕಲ್ಲಿಗೆ ಹೊರದೇಶದಲ್ಲೂ ಬೆಲೆ ಅದ. ಕರ್ರಗಾದ್ರೆ ನನಗೂ ಮರ್ಯಾದೆ.

ಪ್ರಶ್ನೆ: ಮೇಲೆ ರೆಡ್ ಆಕ್ಸೈಡ್ ಬಳಿದರೆ?

ತುಕ್ಕು: ಅವನು ನಮ್ಮ ದಾಯಾದಿ! ಅವನೂ ಕಬ್ಬಿಣದ ಆಕ್ಸೈಡೇ. ದುಡ್ಡು ಕೊಟ್ಟು ತಂದ್ರಿ, ಕಾವಲುಗಾರ ಆದ. ನಾ ಕರೀದೆ ಬಂದೆ, ಕಳ್ಳ ಆದೆ.

ಪ್ರಶ್ನೆ: ಹಾಗಾದರೆ ಹೆದರಿಕೆಯೇ ಇಲ್ಲ?

ತುಕ್ಕು: (ದನಿ ತಗ್ಗಿಸಿ) ತಂತಿ ಬ್ರಷ್ ಕಂಡ್ರೆ ಅದ. ಸಡಿಲ ಹಕ್ಕಳೆ ಉದುರೋಗಂಟ ಉಜ್ಜಿ, ಎಣ್ಣೆ ಜಿಡ್ಡು ಒರೆಸಿ, ಆಮೇಲೆ ಔಷಧಿ ಹಚ್ಚಿ, ಒಣಗಿದ ಮೇಲೆ ಪೇಂಟ್ ಹೊಡುದ್ರೆ ನನ್ನ ಆಟ ನಿಂತೋಯ್ತದೆ. ಉಜ್ಜದೆ ಬಳುದ್ರೆ ಮೇಲಿನ ಮುಖಂಡರಷ್ಟೇ ಪಕ್ಷಾಂತರ. ಬುಡದ ಕಾರ್ಯಕರ್ತರು ಅವರವರ ಕೆಲಸದಲ್ಲೇ ಇರ್ತರ.

ಅಷ್ಟರಲ್ಲಿ ಪೇಂಟರ್ ಬೈಕಿನಿಂದಿಳಿದರು. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಹೊಸ ಪೇಂಟ್ ಬ್ರಷ್. ಚೀಲದಲ್ಲಿ ಮತ್ತೇನಾದರೂ ಇದೆಯೇ ಎಂದು ತುಕ್ಕು ಇಣುಕಿ ನೋಡಿತು. ಟಿಫಿನ್ ಕ್ಯಾರಿಯರ್ ಒಂದೇ ಇತ್ತು.

‘ಮುಂದಿನ ದೀಪಾವಳಿಗೆ ಬನ್ನಿ ಬುದ್ಧಿ,’ ಎಂದಿತು ತುಕ್ಕು, ‘ಉಳಿದದ್ದು ಮಾತಾಡವ.’