ಕೇಳಿ ಇವರನ್ನ

ಹಂಪಿನಗರದಲ್ಲಿ ಬಾಡಿಗೆ ಮನೆ ಹಿಡಿದಾಗ ಓನರ್ ಅಂಕಲ್ ಅಡ್ವಾನ್ಸ್ ಎಷ್ಟು, ನೀರಿನ ಬಿಲ್ಲು ಯಾರದು ಎಂದೆಲ್ಲ ಬಿಡಿಸಿ ಹೇಳಿದ್ದರು. ಅವರಿಗೂ ಆಂಟಿಗೂ ನಡುವೆ ನಾನು ಟೆಲಿಫೋನ್ ತಂತಿಯಾಗಬೇಕೆಂಬುದು ಮಾತ್ರ ಕರಾರುಪತ್ರದಲ್ಲಿ ಇರಲಿಲ್ಲ.

ಅಂಕಲ್‌ಗೆ ಎಪ್ಪತ್ತಮೂರು, ಆಂಟಿಗೆ ಅರವತ್ತೇಳು. ವಿಜಯನಗರ, ರಾಜಾಜಿನಗರ, ಬಸವೇಶ್ವರನಗರದ ಒಂದೊಂದು ಕ್ರಾಸಿಗೂ ಇಂಥ ಒಂದು ಜೋಡಿ ಇದ್ದೇ ಇರುತ್ತದೆ. ಜಗಳವೇನಿಲ್ಲ. ಆದರೆ ಇವರ ಮಾತಿಗೆ ಮೂರನೆಯವರೊಬ್ಬರು ಬೇಕು. ಇಲ್ಲದಿದ್ದರೆ ಅದು ಒಗ್ಗರಣೆ ಬೀಳದ ಸಾರು.

ಬೆಳಗ್ಗೆ ಆ ಪಾಳಿ ಸೊಪ್ಪಿನಮ್ಮನದು. "ನೋಡಮ್ಮ, ಮೆಂತ್ಯ ತರಬೇಡ ಅಂದೋರೂ ಇವರೇ, ಮೆಂತ್ಯ ಬಾತ್ ಯಾಕಿಲ್ಲ ಅಂದೋರೂ ಇವರೇ!" ಎರಡಡಿ ದೂರದಲ್ಲಿ ಪೇಪರ್ ಹಿಡಿದು ನಿಂತ ಅಂಕಲ್, "ನಾನು ಬೇಡ ಅಂದದ್ದು ಸಬ್ಬಸಿಗೆ ಅಂತ ಹೇಳಮ್ಮ ಅವಳಿಗೆ" ಎನ್ನುತ್ತಾರೆ. ಎರಡೂ ಕಡೆಯ ವಾದ ಆಲಿಸಿದ ಸೊಪ್ಪಿನಮ್ಮ ಎರಡೂ ಸೊಪ್ಪಿನ ಕಟ್ಟು ಕೊಟ್ಟು, ಎರಡಕ್ಕೂ ದುಡ್ಡು ಎಣಿಸಿಕೊಂಡು ಹೋಗುತ್ತಾಳೆ.

ಆಂಟಿಯ ತಮ್ಮನ ಷಷ್ಟ್ಯಬ್ದಿ ಕೆಂಗೇರಿಯಲ್ಲಿತ್ತು. "2021ರಿಂದ ಕೆಂಗೇರಿತನಕ ಮೆಟ್ರೊ ಇದೆ. ವಿಜಯನಗರದಲ್ಲಿ ಹತ್ತಿದರೆ ಸೀದಾ ಹೋಗಿ ಇಳಿಯಬಹುದು ಅಂತ ಹೇಳಪ್ಪ" ಎಂದರು ಅಂಕಲ್. "ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ನನಗೆ ಬಸ್ಸು ಫ್ರೀ. ಸ್ವಂತ ತಮ್ಮನ ಮನೆಗೆ ಹೋಗೋಕೆ ನಾನ್ಯಾಕೆ ದುಡ್ಡು ಕೊಡಲಿ, ಕೇಳಿ ಇವರನ್ನ" ಎಂದರು ಆಂಟಿ. ಬಸ್ಸು ಗೆದ್ದಿತು. ತಂತಿ ಹರಿಯದಿರಲೆಂದು ನನ್ನನ್ನೂ ಹೊರಡಿಸಿದರು.

ಮುಂದಿನ ಹೆಂಗಸರ ಸೀಟಿನಲ್ಲಿ ಶೂನ್ಯ ಟಿಕೆಟ್ ಹಿಡಿದ ಆಂಟಿ, ಹಿಂದೆ ಹಿರಿಯ ನಾಗರಿಕರ ಶೇ 25 ರಿಯಾಯಿತಿಯ ಅಂಕಲ್. ನಡುವೆ ನಾನು ನೇತಾಡುತ್ತಿದ್ದರೂ ಆಂಟಿ ಹಿಡಿದದ್ದು ಕಂಡಕ್ಟರನ್ನು. "ಮುಯ್ಯಿ ಕವರು ತಂದಿದ್ದಾರಾ ಕೇಳಪ್ಪ." ಹಿಂದಿನಿಂದ ಉತ್ತರ ಬಂತು: "ಅವಳ ಬ್ಯಾಗಲ್ಲೇ ಇದೆ." "ಐನೂರೊಂದೋ, ಸಾವಿರದೊಂದೋ?" ನಾಯಂಡಹಳ್ಳಿ ದಾಟುವ ಹೊತ್ತಿಗೆ ಇಡೀ ಬಸ್ಸು ಎರಡು ಬಣವಾಗಿತ್ತು. ಕೆಂಗೇರಿಯಲ್ಲಿ ಇಳಿಯುವಾಗ ಸಾವಿರದೊಂದಕ್ಕೆ ಬಹುಮತ ಬಂದಿತ್ತು.

ಒಮ್ಮೆ ಮಾತ್ರ ನಾನು ಬಾಯಿಬಿಟ್ಟು ಕೆಟ್ಟೆ. ರಾಜಾಜಿನಗರದ ಕಾರ್ಖಾನೆಯಲ್ಲಿ ದುಡಿದ ಅಂಕಲ್, ಮದುವೆಯಾದ ಹೊಸದರಲ್ಲಿ ಆಂಟಿಯನ್ನು ನವರಂಗ್ ಟಾಕೀಸಿಗೆ ಕರೆದೊಯ್ದ ಕಥೆ ಹೇಳುತ್ತಿದ್ದರು. ಸಿನಿಮಾ 'ಶಂಕರ್ ಗುರು' ಅಂತೆ. ಅಲ್ಲ, 'ಕವಿರತ್ನ ಕಾಳಿದಾಸ' ಎಂದರು ಆಂಟಿ. ನಾನು ಜಾಣನಂತೆ ಮೊಬೈಲ್ ನೋಡಿ, "ಶಂಕರ್ ಗುರು 1978, ಕಾಳಿದಾಸ 1983" ಎಂದೆ. ಆಂಟಿ ಕೈಯಲ್ಲಿದ್ದ ಬಟಾಣಿ ಸಿಪ್ಪೆ ಕೆಳಗಿಟ್ಟರು. "ನಮ್ಮ ಮದುವೆ ಆಗಿದ್ದು 1982ರಲ್ಲಿ. ಶಂಕರ್ ಗುರುವಿಗೆ ಪಕ್ಕದಲ್ಲಿ ಕೂತಿದ್ದೋಳು ಯಾರು, ಕೇಳಿ ಇವರನ್ನ!" ಅಂದು ಸಂಜೆ ಅಂಕಲ್‌ಗೂ ನನಗೂ ಕಾಫಿ ಇರಲಿಲ್ಲ.

ದಸರೆಗೆ ಹದಿನೈದು ದಿನ ಊರಿಗೆ ಹೋದೆ. ಅಷ್ಟು ದಿನದ ಮಾತೆಲ್ಲ ಬಾಕಿ ಬಿದ್ದಿರುತ್ತದೆಂದು ಹೆದರಿಕೊಂಡೇ ವಾಪಸ್ ಬಂದೆ. ಅಂಕಲ್ ಗೇಟಿನ ಬಳಿಯೇ ಪೇಪರ್ ಓದುತ್ತಿದ್ದರು.

"ನಾನಿಲ್ಲದೆ ಹೇಗಿತ್ತು ಅಂಕಲ್?"

"ಈ ವಯಸ್ಸಲ್ಲಿ ಏನು ಮಾತಿರತ್ತಪ್ಪ? ಅವಳ ಪಾಡಿಗೆ ಅವಳು, ನನ್ನ ಪಾಡಿಗೆ ನಾನು."

ಮೇಲಿನ ಬಾಲ್ಕನಿಯಿಂದ ಆಂಟಿಯ ದನಿ ಬಂತು: "ದಿನಾ ರಾತ್ರಿ ಹನ್ನೆರಡರ ತನಕ ನಿದ್ದೆ ಮಾಡೋಕೆ ಬಿಡದೆ ಮಾತಾಡಿದ್ದು ಯಾರಂತೆ, ಕೇಳಿ ಇವರನ್ನ!"

ಅಂಕಲ್ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು.

"ಹನ್ನೊಂದೂವರೆ ಅಂತ ಹೇಳಪ್ಪ ಅವಳಿಗೆ."