ಮೂರಡಿ ಎತ್ತರದ ಗಿರಾಕಿಗಳ ಪರವಾಗಿ ಒಂದು ಬಹಿರಂಗ ಪತ್ರ

ಮಾನ್ಯ ಮಳಿಗೆ ಮಾಲೀಕರೇ,

ದಾವಣಗೆರೆಯಿಂದ ಹರಿಹರದವರೆಗೆ ಹಳೇ ಪಿ.ಬಿ. ರಸ್ತೆಯ ಎಡಬಲಕ್ಕೆ ಝಗಮಗ ದೀಪ ಹಾಕಿಕೊಂಡು ಕೂತಿರುವ ತಮಗೆಲ್ಲ, ಕರೂರು ಕೈಗಾರಿಕಾ ಪ್ರದೇಶದ ಒಬ್ಬ ಪಾಳಿ ನೌಕರನ ನಮಸ್ಕಾರ. ನನಗೆ ಆರು ವರ್ಷದ ಮಗಳು, ನಾಲ್ಕು ವರ್ಷದ ಮಗ. ಇಬ್ಬರೂ ತಮ್ಮ ವ್ಯಾಪಾರಕ್ಕೆ ಸಂಬಳವಿಲ್ಲದೆ ದುಡಿಯುತ್ತಿದ್ದಾರೆ. ತಾವದನ್ನು ಇನ್ನೂ ಗುರುತಿಸಿಲ್ಲವಲ್ಲ ಅಂತ ಬೇಜಾರು.

ಬಿಲ್ಲಿಂಗ್ ಕೌಂಟರಿನ ಪಕ್ಕದ ಆ ಗಿಡ್ಡ ಸ್ಟ್ಯಾಂಡನ್ನು ಜೋಡಿಸಿದ ಕಲಾವಿದನಿಗೆ ಮೊದಲು ಸನ್ಮಾನವಾಗಬೇಕು. ಬೇಳೆ, ಬೆಲ್ಲ ಎಲ್ಲಿದೆ ಅಂತ ನಾವು ಕತ್ತೆತ್ತಿ ಹುಡುಕಬೇಕು. ಚಾಕೊಲೇಟು, ಜೆಲ್ಲಿ ಮಾತ್ರ ಮಕ್ಕಳ ಮೂಗಿನ ನೇರಕ್ಕೆ. ಸಂಬಳದ ವಾರ, ಸಾಲು ಹನುಮಂತನ ಬಾಲ. ತಳ್ಳುಗಾಡಿಯಲ್ಲಿ ಕೂತ ಮಗ ಸದ್ದಿಲ್ಲದೆ ಒಂದನ್ನು ಎತ್ತಿ, ಬಿಚ್ಚಿ, ತಿಂದು ಮುಗಿಸಿ, ನಮ್ಮ ಸರದಿ ಬಂದಾಗ ಖಾಲಿ ಕಾಗದವನ್ನು ಕ್ಯಾಷಿಯರ್ ಹುಡುಗಿಯ ಕೈಗಿಟ್ಟ. ಆಕೆ ಅದರ ಸುಕ್ಕು ಬಿಡಿಸಿ, ಗೀಟುಗಳನ್ನು ಹುಡುಕಿ, ಮಷೀನಿಗೆ ಹಿಡಿದು ಕೀಂ ಅನ್ನಿಸಿದಳು. ಇಡೀ ಸಾಲು ನಕ್ಕಿತು. ಅಷ್ಟಕ್ಕೇ ಮುಗಿದಿದ್ದರೆ ನಾನೂ ನಗುತ್ತಿದ್ದೆ. ಹಿಂದೆ ನಿಂತಿದ್ದವರು ನಮ್ಮ ಪಾಳಿಯ ಸೂಪರ್‌ವೈಸರ್. ಅವರು ಪ್ರೀತಿಯಿಂದ ಮಗಳ ಕೆನ್ನೆ ಹಿಂಡಿದ್ದೇ ತಡ, "ಅಪ್ಪಾಜಿ, ದಿನಾ ಊಟಕ್ಕೆ ಕುಂತಾಗ ನೀನು ಬೈತೀಯಲ್ಲ, ಆ ಅಂಕಲ್ ಇವ್ರೇನಾ?" ಅಂದಳು. ಆ ಬಾಯಿ ಮುಚ್ಚಿಸಲು ಕೈಗೆ ಸಿಕ್ಕಿದ್ದು ಅದೇ ಸ್ಟ್ಯಾಂಡಿನ ಜೆಲ್ಲಿ. ಬೆಲೆ ನೋಡುವ ಹೊತ್ತೇ ಅದು?

ಜವಳಿ ಅಂಗಡಿಯವರನ್ನೂ ಮರೆತಿಲ್ಲ. ಮದುವೆ ಜವಳಿ ಅಂದರೆ ನಮ್ಮ ಕಡೆ ಮನೆಮಂದಿಯೆಲ್ಲ ಹೊರಡಬೇಕು. ಬಿಳಿ ಹಾಸಿನ ಗಾದಿ, ಅದರ ಮೇಲೆ ಸೀರೆಯ ರಾಶಿ. ಎರಡು ತಾಸಾದರೂ ಅತ್ತಿಗೆಗೆ ಒಂದು ಅಂಚೂ ಒಪ್ಪಿಗೆಯಾಗಿಲ್ಲ. ಮಗ ಕಾಲು ಹೆಣೆದುಕೊಂಡು ಕುಣಿಯತೊಡಗಿದ.

"ಟಾಯ್ಲೆಟ್ ಎಲ್ಲೈತ್ರಿ?"

"ಸ್ಟಾಫಿಗೆ ಮಾತ್ರ ಸರ್."

ಮುಂದಿನದನ್ನು ಗಾದಿಯೇ ಹೇಳಿತು. ಕೊನೆಗೆ ಅತ್ತಿಗೆಗೆ ಒದ್ದೆಯಾದ ಸೀರೆಯೇ ಒಪ್ಪಿಗೆಯಾಯಿತು. ಆಗಲೇಬೇಕಿತ್ತು.

ಇದೆಲ್ಲ ಮಕ್ಕಳ ಕಿಲಾಡಿತನ ಅಂದುಬಿಟ್ಟರೆ ಕ್ಲಾರೆನ್ಸ್ ಸಾಂಡರ್ಸ್‌ಗೆ ಅನ್ಯಾಯ. 1916ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ 'ಪಿಗ್ಲಿ ವಿಗ್ಲಿ' ಅಂಗಡಿ ತೆರೆದು, ಬೇಕಾದ್ದನ್ನು ನೀವೇ ಎತ್ತಿಕೊಳ್ಳಿ ಎಂದ ಪುಣ್ಯಾತ್ಮ ಅವನು. ಅಲ್ಲಿಯತನಕ ಗಿರಾಕಿಗೂ ಸಾಮಾನಿಗೂ ನಡುವೆ ಒಂದು ಕಟ್ಟೆ ಇತ್ತು. ಹಳೇ ಕಿರಾಣಿ ಅಂಗಡಿಗಳಲ್ಲಿ ಈಗಲೂ ಇದೆ: ಚೀಟಿ ಕೊಟ್ಟರೆ ಸಾಮಾನು ಬರುತ್ತದೆ, ಪೆಪ್ಪರ್‌ಮಿಂಟಿನ ಭರಣಿ ಸಾಹುಕಾರರ ಮೊಣಕೈ ಹತ್ತಿರ, ಅವರಾಗಿ ಕೊಟ್ಟರೆ ಉಂಟು. ತಾವು ಕಟ್ಟೆ ಕಿತ್ತಿರಿ. ಕಾಯುವ ಕೆಲಸ ನಮಗೆ ಬಂತು, ಲಾಭ ತಮ್ಮ ಗಲ್ಲಾಕ್ಕೆ ಹೋಯಿತು.

ನಾನು ಮಷೀನಿನ ಮುಂದೆ ನಿಲ್ಲುವವನು. ತಿರುಗುವ ಭಾಗಕ್ಕೆ ಕೈ ತಾಗದಂತೆ ತಡೆ ಇರಬೇಕು, ಕೆಲಸಗಾರರಿಗೆ ಶೌಚಾಲಯ ಇರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿದ್ದರು. ತಮ್ಮ ಗಿಡ್ಡ ಸ್ಟ್ಯಾಂಡಿಗೆ ತಡೆ ಹಾಕುವುದಿರಲಿ, ಅದನ್ನು ಕೈ ತಾಗಲಿ ಅಂತಲೇ ಅಲ್ಲವೇ ನಿಲ್ಲಿಸಿರುವುದು? ಇಂಗ್ಲೆಂಡಿನವರು 2022ರ ಅಕ್ಟೋಬರ್‌ನಿಂದ, ಸಕ್ಕರೆ ಕೊಬ್ಬು ತುಂಬಿದ ಹಲವು ಬಗೆಯ ತಿಂಡಿಗಳನ್ನು ದೊಡ್ಡ ಅಂಗಡಿಗಳ ಬಾಗಿಲಲ್ಲಿ, ಬಿಲ್ ಕಟ್ಟುವ ಜಾಗದಲ್ಲಿ ಇಡಬಾರದು ಎಂದರು. ಅವರಿಗೆ ಮಕ್ಕಳ ಬೊಜ್ಜಿನ ಚಿಂತೆ. ನನಗೆ ಸೋಮವಾರ ಸೂಪರ್‌ವೈಸರ್ ಮುಖ ನೋಡಬೇಕಲ್ಲ, ಆ ಚಿಂತೆ.

ಬೇಡಿಕೆ ಹೆಚ್ಚೇನಿಲ್ಲ. ಮಕ್ಕಳಿಂದಾದ ಖರ್ಚನ್ನು ಬಿಲ್ಲಿನಲ್ಲಿ 'ಮಾನರಕ್ಷಣಾ ಶುಲ್ಕ' ಅಂತ ಬೇರೆ ತೋರಿಸಿ. ಮನೆಯಲ್ಲಿ ಲೆಕ್ಕ ಒಪ್ಪಿಸಲು ಅನುಕೂಲ. ಮಗನಿಗೊಂದು ಗುರುತಿನ ಚೀಟಿ, ಮಗಳಿಗೆ ಕಮಿಷನ್ ಕೊಡಿ. ಹೇಗೂ ಸ್ಟಾಫ್ ಆದಮೇಲೆ ಟಾಯ್ಲೆಟ್ಟಿನ ಚಿಂತೆಯೂ ತೀರಿತು.

ಕುಂತು ಮಾತಾಡೋಣ ಅನಿಸಿದರೆ ಭಾನುವಾರ ಸಂಜೆ ಮನೆಗೆ ಬನ್ನಿ, ತಮ್ಮ ಮಕ್ಕಳನ್ನೂ ಕರೆತನ್ನಿ. ಮಂಡಕ್ಕಿ ಮೆಣಸಿನಕಾಯಿ ಬೇಕಾದಷ್ಟು ಕೊಡುತ್ತೇವೆ. ಚಾಕೊಲೇಟಿನ ಡಬ್ಬಿ ಮಾತ್ರ ಬೀರುವಿನ ಮೇಲಿರುತ್ತದೆ.

ಇತಿ,
ಇಬ್ಬರು ಮಕ್ಕಳ ತಂದೆ, ಕರೂರು